ಸೊಣ್ಣಮ್ಮನ ಬಲಗಾಲು

ಹೆಬ್ಬಗೋಡಿಯ ಮುನಿಯಣ್ಣ ಮೂವತ್ತನಾಲ್ಕು ವರ್ಷಗಳಿಂದ ಬೋರ್‌ವೆಲ್ ಮೋಟರು ರಿಪೇರಿ ಮಾಡುತ್ತ ಬಂದವನು. ಆದರೆ ಬೆಳಗ್ಗೆ ಆರಕ್ಕೆ ಎದ್ದರೆ ಅವನ ಮೊದಲ ಕೆಲಸ ಮೋಟರಿನದಲ್ಲ. ಹೆಂಡತಿ ಸೊಣ್ಣಮ್ಮನ ಬಲಗಾಲನ್ನು ಮಣೆಯ ಮೇಲೆ ಇರಿಸಿಕೊಂಡು, ಹಿಂದಿನ ದಿನದ ಬಟ್ಟೆ ಬಿಚ್ಚಿ, ಉಗುರುಬೆಚ್ಚನೆಯ ನೀರಿನಲ್ಲಿ ಹುಣ್ಣು ತೊಳೆದು, ಹೊಸ ಪಟ್ಟಿ ಕಟ್ಟುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅದು ತಪ್ಪಿರಲಿಲ್ಲ.

ಹುಣ್ಣು ಇದ್ದದ್ದು ಪಾದದ ಗಿಣ್ಣಿನ ಮೇಲೆ, ಒಳಬದಿಯಲ್ಲಿ. ಅಂಗೈಯಷ್ಟು ಅಗಲ. ಸೊಣ್ಣಮ್ಮ ಬೊಮ್ಮಸಂದ್ರದ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ಲೈನಿನಲ್ಲಿ ಹದಿನಾರು ವರ್ಷ ನಿಂತು ದುಡಿದವಳು. ಆಗಲೇ ಮೊಣಕಾಲಿನ ಕೆಳಗೆ ನರಗಳು ಹುರಿ ಹೊಸೆದ ಹಾಗೆ ಉಬ್ಬಿಕೊಂಡಿದ್ದವು. ಆಮೇಲೆ ಚರ್ಮ ಕಪ್ಪಾಯಿತು, ನವೆ ಶುರುವಾಯಿತು. ಒಂದು ದಿನ ಕೆರೆದುಕೊಂಡ ಜಾಗ ಒಡೆದು, ಮತ್ತೆ ಮಾಯಲೇ ಇಲ್ಲ. ಮುಲಾಮು ಹಚ್ಚಿದರು, ಸೊಪ್ಪು ಅರೆದು ಕಟ್ಟಿದರು, ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಇರಲಿಲ್ಲ. ಅವಳ ಅಕ್ಕ ರಾಮಕ್ಕ ಮಾತ್ರ, "ಕೆಟ್ಟ ರಕ್ತ ಅಲ್ಲಿಂದ ಓಗ್ತಾ ಅದೆ, ಓಗ್ಲಿ ಬಿಡು. ಮುಚ್ಚಿದ್ರೆ ಎದೆಗೆ ಏರ್ತದೆ" ಅಂದಿದ್ದಳು. ಆ ಮಾತು ಸೊಣ್ಣಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ವಾಸನೆಗೆ ಹೆದರಿ ಅವಳು ಮದುವೆಮನೆಗಳಿಗೆ ಹೋಗುವುದನ್ನು ನಿಲ್ಲಿಸಿದ್ದಳು. ಹೋದರೂ ಬಾಗಿಲ ಹತ್ತಿರ ಕೂತು, ಮೊದಲ ಪಂಕ್ತಿಯಲ್ಲೇ ಉಂಡು ಎದ್ದುಬರುತ್ತಿದ್ದಳು.

ಹುಣ್ಣಾದ ಹನ್ನೊಂದನೆಯ ವರ್ಷದ ಮಾರ್ಚ್‌ನಲ್ಲಿ ಹೊಸೂರು ರಸ್ತೆಯ ಪಕ್ಕದ ಒಂದು ಆಸ್ಪತ್ರೆಯಲ್ಲಿ ಬೋರ್‌ವೆಲ್ ಕೆಟ್ಟಿತು. ಮುನಿಯಣ್ಣ ಹೋಗಿ ಇನ್ನೂರೈವತ್ತು ಅಡಿಯ ಪೈಪು ಎತ್ತಿ, ಮೋಟರು ಬದಲಿಸಿ, ಮತ್ತೆ ಇಳಿಸುವ ಹೊತ್ತಿಗೆ ಮಧ್ಯಾಹ್ನ ಎರಡಾಯಿತು. ಕೈ ತೊಳೆಯಲು ಒಳಗೆ ಹೋದವನು ಪಡಸಾಲೆಯ ಗೋಡೆಯ ಮುಂದೆ ನಿಂತುಬಿಟ್ಟ. ಅಲ್ಲಿ ಒಂದು ಬೋರ್ಡಿನ ಮೇಲೆ ಸಾಲಾಗಿ ಆರು ಕಾಲುಗಳ ಚಿತ್ರ. ಮೊದಲನೆಯದರಲ್ಲಿ ದಾರದಂಥ ನೀಲಿ ಗೆರೆಗಳು. ಮೂರನೆಯದು ಊದಿಕೊಂಡಿತ್ತು. ಕೊನೆಯದರಲ್ಲಿ ಚರ್ಮ ಕಪ್ಪಾಗಿ ಗಿಣ್ಣಿನ ಮೇಲೆ ಹುಣ್ಣು. ಅದು ಸೊಣ್ಣಮ್ಮನ ಕಾಲೇ.

ಆ ದಾರಿಯಲ್ಲಿ ಬಂದ ಡಾಕ್ಟರ್ ನೀಲಾಂಬಿಕಾ ಅವನನ್ನು ಕಂಡು, "ನೀರು ಬಂತಾ ಯಜಮಾನ್ರೇ?" ಎಂದು ಕೇಳಿದರು.

"ಬತ್ತದೆ ಮೇಡಂ. ಟ್ಯಾಂಕು ತುಂಬ್ತಾ ಅದೆ." ಅವನು ಗ್ರೀಸು ಮೆತ್ತಿದ ಬೆರಳನ್ನು ಚಿತ್ರದತ್ತ ತೋರಿಸಿದ. "ಇದು ನಮ್ಮನೆಯೋಳ ಕಾಲು."

"ಎಷ್ಟು ದಿನದಿಂದ?"

"ಅನ್ನೊಂದು ವರ್ಷ."

ನೀಲಾಂಬಿಕಾ ಚಿತ್ರದ ಕಡೆ ಒಮ್ಮೆ ನೋಡಿದರು. ಆಮೇಲೆ, "ಕರ್ಕೊಂಡು ಬನ್ನಿ. ಬರೀ ಸ್ಕ್ಯಾನ್ ಮಾಡ್ತೀನಿ. ಮಿಕ್ಕಿದ್ದು ಆಮೇಲೆ ನೋಡೋಣ" ಎಂದರು.

ಮನೆಯಲ್ಲಿ ಸೊಣ್ಣಮ್ಮ ಒಪ್ಪಲಿಲ್ಲ. "ಮುಚ್ಚಿದ್ರೆ ಎದೆಗೆ ಬತ್ತದೆ. ನಂಗೆ ಇಂಗೇ ಇರ್ಲಿ" ಅಂದಳು. ಮುನಿಯಣ್ಣ ವಾದ ಮಾಡಲಿಲ್ಲ. ಮಾರನೆಯ ಬೆಳಗ್ಗೆ ಪಟ್ಟಿ ಕಟ್ಟಿ ಏಳುವಾಗ ಅವನು ಸೊಂಟ ಹಿಡಿದುಕೊಂಡು ಗೋಡೆಗೆ ಕೈ ಕೊಟ್ಟು ನಿಂತ. ಅದನ್ನು ಅವಳು ನೋಡಿದಳು. ಎರಡು ದಿನ ಕಳೆದ ಮೇಲೆ ತಾನೇ ಬೀರುವಿನಿಂದ ಒಳ್ಳೆಯ ಸೀರೆ ತೆಗೆದು, "ಬರೀ ನೋಡ್ಸ್ಕೊಂಡು ಬರಾದು. ಕುಯ್ಯಕ್ಕೆ ಬಿಡಾಕಿಲ್ಲ" ಅಂದಳು.

ಸ್ಕ್ಯಾನ್ ಕೋಣೆಯಲ್ಲಿ ಅವಳನ್ನು ಒಂದು ಮೆಟ್ಟಿಲಿನ ಮೇಲೆ ನಿಲ್ಲಿಸಿದರು. ಹುಣ್ಣಿಗೆ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ನೀಲಾಂಬಿಕಾ ಹುಣ್ಣನ್ನು ನೋಡಿ, ಅದನ್ನು ಅಲ್ಲಿಗೇ ಬಿಟ್ಟು, ತೊಡೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಯಂತ್ರದ ಹಿಡಿಯನ್ನು ಇಟ್ಟರು.

"ಗಾಯ ಕೆಳಗೈತೆ ತಾಯಿ," ಅಂದಳು ಸೊಣ್ಣಮ್ಮ.

"ಗಾಯ ಕೆಳಗಿದೆ ಅಮ್ಮ. ತೊಂದರೆ ಇಲ್ಲಿ ಮೇಲಿದೆ. ಆ ಸ್ಕ್ರೀನ್ ನೋಡ್ತಿರಿ."

ಅವರು ಒಂದು ಕೈಯಿಂದ ಅವಳ ಮೀನಖಂಡವನ್ನು ಒತ್ತಿದರು. ಕತ್ತಲೆಯಂಥ ಪರದೆಯಲ್ಲಿ ಒಂದು ನೀಲಿ ಹೊಳೆ ಸರ್ರನೆ ಮೇಲಕ್ಕೆ ಹರಿಯಿತು. ಕೈ ಬಿಟ್ಟರು. ನೀಲಿ ಮಾಯವಾಗಿ ಅದೇ ದಾರಿಯಲ್ಲಿ ಕೆಂಪು ಕೆಳಕ್ಕೆ ಸುರಿಯತೊಡಗಿತು. ಪಕ್ಕದ ಪೆಟ್ಟಿಗೆಯಿಂದ ಗಾಳಿ ಬೀಸಿದಂಥ ಸದ್ದು. ಒಂದು, ಎರಡು, ಮೂರು, ನಾಲ್ಕು ಸೆಕೆಂಡಾದರೂ ಅದು ನಿಲ್ಲಲಿಲ್ಲ. ಐವತ್ತೆಂಟು ವರ್ಷ ತನ್ನೊಳಗೇ ಓಡಾಡಿದ್ದನ್ನು ಸೊಣ್ಣಮ್ಮ ಮೊದಲ ಸಲ ಕಂಡಳು.

ಮುನಿಯಣ್ಣ ಪರದೆಯ ಹತ್ತಿರಕ್ಕೆ ಬಗ್ಗಿದ. "ಮೇಡಂ, ಇದು ಫುಟ್‌ವಾಲ್ವ್ ಓಗಿರಾದು. ಮೇಲಕ್ಕೆ ಎತ್ತಿದ ನೀರು ವಾಪಸ್ ಬೀಳ್ತಾ ಅದೆ."

ನೀಲಾಂಬಿಕಾ ಅವನ ಕಡೆ ತಿರುಗಿದರು. "ಅದೇ. ನರದೊಳಗೂ ಸಣ್ಣ ಸಣ್ಣ ವಾಲ್ವ್‌ಗಳಿವೆ, ರಕ್ತ ಕೆಳಗೆ ಬೀಳದ ಹಾಗೆ ತಡೆಯೋಕೆ. ಇವರದ್ದು ತೊಡೆಯ ಮೇಲಿನದೇ ಸರಿಯಾಗಿ ಮುಚ್ಚುತ್ತಿಲ್ಲ. ಹಗಲೆಲ್ಲ ರಕ್ತ ಕೆಳಗೆ ಬಿದ್ದು ಪಾದದ ಹತ್ತಿರ ನಿಲ್ಲುತ್ತೆ. ಅಲ್ಲಿ ಚರ್ಮ ಕೊಳೆಯುತ್ತೆ. ನೀವು ದಿನಾ ಕಟ್ಟಿರೋದು ಚೆನ್ನಾಗೇ ಕಟ್ಟಿದ್ದೀರಿ, ತಪ್ಪು ನಿಮ್ಮದಲ್ಲ."

ಮುನಿಯಣ್ಣ ಗೋಡೆಯ ಕಡೆ ನೋಡಿದ.

ಸೊಣ್ಣಮ್ಮ ರಾಮಕ್ಕನ ಮಾತು ಹೇಳಿದಳು. ನೀಲಾಂಬಿಕಾ ನಗಲಿಲ್ಲ. "ಕೆಟ್ಟ ರಕ್ತ ಅಂತ ಬೇರೆ ಇಲ್ಲ ಅಮ್ಮ. ಅದೇ ರಕ್ತ, ದಾರಿ ತಪ್ಪಿ ನಿಂತಿದೆ ಅಷ್ಟೆ. ಹಿಂದೆ ಆದ್ರೆ ತೊಡೆ ಕುಯ್ದು ಈ ನರಾನ ಪೂರ್ತಿ ಎಳೆದು ತೆಗೀತಿದ್ವಿ. ಈಗ ಬೇಡ. ಒಳಗಿಂದಾನೇ ಲೇಸರ್‌ನಲ್ಲಿ ಮುಚ್ಚಬಹುದು. ಒಂಥರಾ ಅಂಟು ಬಿಟ್ಟು ಮುಚ್ಚೋದೂ ಇದೆ. ಸಣ್ಣ ನರಗಳಿಗೆ ನೊರೆಯಂಥ ಇಂಜೆಕ್ಷನ್. ನಿಮ್ಮ ನರ ದಪ್ಪ ಇದೆ, ಲೇಸರ್ ಸರಿಹೋಗುತ್ತೆ. ಸೂಜಿ ತೂರುವಷ್ಟು ತೂತು, ಹೊಲಿಗೆ ಇಲ್ಲ. ಅವತ್ತೇ ನಡ್ಕೊಂಡು ಮನೆಗೆ ಹೋಗ್ತೀರಿ."

ಕುಯ್ಯುವುದಿಲ್ಲ ಅಂದಮೇಲೆ ಸೊಣ್ಣಮ್ಮ ಒಪ್ಪಿದಳು. ಮಗಳು ಶಾಂತಿಯ ಕಂಪನಿಯ ವಿಮೆಯಲ್ಲಿ ಅಪ್ಪ ಅಮ್ಮನ ಹೆಸರೂ ಇದ್ದದ್ದರಿಂದ ಮುಂದಿನ ಗುರುವಾರಕ್ಕೆ ದಿನ ಗೊತ್ತಾಯಿತು.

ಆ ದಿನ ಮುನಿಯಣ್ಣನಿಗೂ ಹಸಿರು ಗೌನು ತೊಡಿಸಿ ಅವಳ ತಲೆಯ ಪಕ್ಕದಲ್ಲಿ ಕೂರಿಸಿದರು. ಅವಳಿಗೆ ಎಚ್ಚರವಿತ್ತು. ಮೊಣಕಾಲಿನ ಕೆಳಗೆ ಒಂದು ಸೂಜಿ ಚುಚ್ಚಿ, ಅದರೊಳಗಿಂದ ಕೂದಲಿಗಿಂತ ತುಸುವೇ ದಪ್ಪನೆಯ ಲೇಸರ್ ತಂತಿಯನ್ನು ನೀಲಾಂಬಿಕಾ ಮೇಲಕ್ಕೆ ತಳ್ಳುತ್ತ ಹೋದರು. ತೊಡೆಯುದ್ದಕ್ಕೂ ಮರಗಟ್ಟಿಸುವ ತಣ್ಣನೆಯ ಮದ್ದು ಹಾಕುವಾಗ ಸೊಣ್ಣಮ್ಮ ಗಂಡನ ಬೆರಳು ಹಿಡಿದು ಹಲ್ಲು ಕಚ್ಚಿದಳು. ಆಮೇಲೆ ದೀಪ ಸಣ್ಣದು ಮಾಡಿದರು.

ಅವಳ ತೊಡೆಯೊಳಗೆ, ಚರ್ಮದ ಕೆಳಗೆ, ಕೆಂಪಗೆ ಒಂದು ಚುಕ್ಕೆ ಬೆಳಗುತ್ತಿತ್ತು.

ಮುನಿಯಣ್ಣ ಉಸಿರಾಡುವುದನ್ನೇ ಮರೆತ. ಇನ್ನೂರು ಮುನ್ನೂರು ಅಡಿ ಆಳದಲ್ಲಿ ಕಾಣದ್ದನ್ನು ಬರೀ ಹಗ್ಗದ ಬಿಗಿಯಿಂದ ಊಹಿಸಿ ಬದುಕಿದವನು ಅವನು. ಇಲ್ಲಿ ಅವನ ಹೆಂಡತಿಯ ಮೈಯೊಳಗೆ ಬೆಳಕು ಹಚ್ಚಿದ್ದರು. ಯಂತ್ರ ಕುಂಯ್ ಎಂದಿತು. ಚುಕ್ಕೆ ಬಹಳ ನಿಧಾನವಾಗಿ, ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟೇ, ಮೊಣಕಾಲಿನ ಕಡೆಗೆ ಇಳಿಯತೊಡಗಿತು.

"ನೋಯ್ತದಾ?" ಅವನು ಪಿಸುಗುಟ್ಟಿದ.

"ಇಲ್ಲ. ಬಾಯಾಗೆ ಏನೋ ಸುಟ್ಟಂಗೆ ರುಚಿ ಬತ್ತಾ ಅದೆ. ಅಲ್ಲೇನು ಕಾಣ್ತದೆ?"

"ದೀಪ," ಅಂದ ಅವನು.

ಕೆಲಸ ಮುಗಿಯಲು ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ಬಿಗಿಯಾದ ಪಟ್ಟಿ ಸುತ್ತಿ, "ಏಳಿ, ನಡೀರಿ" ಅಂದರು. ಸೊಣ್ಣಮ್ಮ ನಂಬದೆ ಮಂಚದ ಅಂಚಿನಲ್ಲಿ ಕೂತಿದ್ದಳು. ನರ್ಸ್ ಯಮುನಾ ಕೈ ಚಾಚಿದಾಗ ಇಳಿದು ಪಡಸಾಲೆಯ ಆ ತುದಿಯವರೆಗೆ ನಡೆದಳು. ಅಲ್ಲಿಂದ ಒಬ್ಬಳೇ ತಿರುಗಿ ಬಂದಳು.

ಹುಣ್ಣು ಒಂದೇ ದಿನದಲ್ಲಿ ಹೋಗಲಿಲ್ಲ. ವಾರಕ್ಕೊಮ್ಮೆ ಯಮುನಾ ನಾಲ್ಕು ಪದರದ ಪಟ್ಟಿ ಸುತ್ತಿ ಕಳಿಸುತ್ತಿದ್ದಳು. ಅದನ್ನು ಮನೆಯಲ್ಲಿ ಬಿಚ್ಚಕೂಡದು. ಮುನಿಯಣ್ಣ ಬೆಳಗ್ಗೆ ಆರಕ್ಕೆ ಎದ್ದು ಏನು ಮಾಡುವುದೆಂದು ತಿಳಿಯದೆ ಅಂಗಳದಲ್ಲಿ ಓಡಾಡುತ್ತಿದ್ದ. ಕೊನೆಗೆ ಕಾಫಿ ಕಾಯಿಸುವುದನ್ನು ಕಲಿತ. ಮೊದಲ ಎರಡು ವಾರ ಏನೂ ವ್ಯತ್ಯಾಸ ಕಾಣದೆ ಸೊಣ್ಣಮ್ಮ ಮುಖ ಗಂಟಿಕ್ಕಿಕೊಂಡಳು. ಮೂರನೆಯ ವಾರ ವಾಸನೆ ನಿಂತಿತು. ಐದನೆಯ ವಾರ ಹುಣ್ಣಿನ ಅಂಚಿನಿಂದ ಗುಲಾಬಿ ಬಣ್ಣದ ಚರ್ಮ ಒಳಗೆ ಬೆಳೆಯುತ್ತಿತ್ತು. ಹನ್ನೊಂದನೆಯ ವಾರ ಪಟ್ಟಿ ಬಿಚ್ಚಿದಾಗ ಅಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹೊಸ ಚರ್ಮವಿತ್ತು. ಹುಣ್ಣು ಎಲ್ಲಿಯೂ ಬಾಯಿ ತೆರೆದಿರಲಿಲ್ಲ. ಯಮುನಾ ಕೈಗವಸು ಕಳಚಿ ಬರಿಬೆರಳಿನಿಂದ ಮುಟ್ಟಿ ನೋಡಿದಳು. "ನೀವೂ ಮುಟ್ಟಿ ಅಕ್ಕ." ಸೊಣ್ಣಮ್ಮ ಮುಟ್ಟಲು ಬಹಳ ಹೊತ್ತು ತೆಗೆದುಕೊಂಡಳು.

ಅದೇ ದಿನ ನೀಲಾಂಬಿಕಾ ಮತ್ತೊಮ್ಮೆ ಸ್ಕ್ಯಾನ್ ಮಾಡಿದರು. ಹಳೆಯ ನರ ಈಗ ಕಪ್ಪು ಗೆರೆ. ಕಾಲು ಒತ್ತಿದರೂ ಬಿಟ್ಟರೂ ಅಲ್ಲಿ ಏನೂ ಹರಿಯಲಿಲ್ಲ.

"ಅಂಗಾದ್ರೆ ಆ ರಕ್ತ ಎಲ್ಲೋಯ್ತು ತಾಯಿ?" ಸೊಣ್ಣಮ್ಮ ಕೇಳಿದಳು. ಅವಳ ಕೈ ಎದೆಯ ಮೇಲಿತ್ತು.

"ನೋಡಿ ತೋರಿಸ್ತೀನಿ." ನೀಲಾಂಬಿಕಾ ತೊಡೆಯ ಮೇಲಿದ್ದ ಸ್ಕ್ಯಾನ್ ಹಿಡಿಯನ್ನು ಒಂದಿಷ್ಟು ಒಳಕ್ಕೆ ಒತ್ತಿ ಓರೆ ಮಾಡಿದರು. ಪರದೆಯಲ್ಲಿ ಹಿಂದಿನದಕ್ಕಿಂತ ಅಗಲವಾದ ನೀಲಿ ಹೊಳೆ ತುಂಬಿಕೊಂಡಿತು, ಪೂರ್ತಿ ಮೇಲ್ಮುಖವಾಗಿ. "ಇದು ಒಳಗಿನ ದೊಡ್ಡ ನರ. ಒಂದು ದಾರಿ ಮುಚ್ಚಿದ ಕೂಡಲೇ ರಕ್ತ ತಾನಾಗಿಯೇ ಈ ದಾರಿ ಹಿಡೀತು. ನಾವ್ಯಾರೂ ಹೇಳಿಕೊಡಲಿಲ್ಲ. ಈಗ ಜೋರಾಗಿ ಉಸಿರು ಎಳ್ಕೊಂಡು ತಡೀರಿ."

ಸೊಣ್ಣಮ್ಮ ಉಸಿರು ಎಳೆದು ತಡೆದಳು. ಹೊಳೆ ನಿಂತಿತು.

"ಬಿಡಿ."

ಬಿಟ್ಟಳು. ನೀಲಿ ಒಮ್ಮೆಲೇ ನುಗ್ಗಿ ಮೇಲಕ್ಕೆ ಹೋಯಿತು.

ಅವಳು ಪರದೆಯಿಂದ ಕಣ್ಣು ತೆಗೆಯದೆ, ಯಾರೂ ಹೇಳದಿದ್ದರೂ, ಮತ್ತೆ ಉಸಿರು ತಡೆದಳು. ನಿಂತಿತು. ಬಿಟ್ಟಳು. ಹರಿಯಿತು.

"ನಾನು ಉಸ್ರು ಬಿಟ್ರೆ ಕಾಲಿಂದ ಏಳ್ತದೆ," ಅಂದಳು, ತನಗೇ ಹೇಳಿಕೊಂಡಂತೆ. "ಇಷ್ಟು ವರ್ಷ ನಂಗೆ ಗೊತ್ತೇ ಇರ್ಲಿಲ್ಲ."

ಹೊರಗೆ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ಯಮುನಾ ಬಾಗಿಲಿನಿಂದ ಇಣುಕಿದಳು. ನೀಲಾಂಬಿಕಾ ಅವಳಿಗೆ ಸ್ವಲ್ಪ ತಾಳು ಎಂದು ಸನ್ನೆ ಮಾಡಿ, ಹಿಡಿಯನ್ನು ಅಲುಗಿಸದೆ ಅಲ್ಲೇ ಹಿಡಿದುಕೊಂಡರು. ಮುನಿಯಣ್ಣ ಹೆಂಡತಿಯ ಪಕ್ಕ ಬಂದು ನಿಂತ. ಅವಳು ಇನ್ನೊಂದು ಸಲ ಉಸಿರು ಎಳೆದುಕೊಂಡಳು.