ಖಾರ ಇಳಿಯುವ ತನಕ

ಹೋದ ವರ್ಷ ಯುಗಾದಿಯ ಬೆಳಗ್ಗೆ ನನ್ನ ಮಗಳು ಶಾಂಭವಿಯ ಮೈಗೆ ಎಣ್ಣೆ ಹಚ್ಚಿದವಳು ನಾನೇ. ಅದಾದ ಮೇಲೆ ಅವಳನ್ನು ಮುಟ್ಟಿಲ್ಲ.

ಕುರುಗೋಡಿನ ನಮ್ಮ ಮನೆಯಿಂದ ಬಾದನಹಟ್ಟಿಯ ಮೆಣಸಿನಕಾಯಿ ಕಣಕ್ಕೆ ದಿನಾ ಆಟೋದಲ್ಲಿ ಹೋಗುತ್ತೇನೆ. ಒಣಗಿದ ಕಾಯಿಯ ತೊಟ್ಟು ಮುರಿಯುವುದು, ಬಿಳಿಚಿಕೊಂಡದ್ದನ್ನು ಆರಿಸಿ ಬೇರೆ ಹಾಕುವುದು ನಮ್ಮ ಕೆಲಸ. ಹಬ್ಬದ ಹಿಂದಿನ ದಿನ ಕತ್ತಲಾಗುವ ತನಕ ತೊಟ್ಟು ಮುರಿದು, ಮನೆಗೆ ಬಂದು, ಸೋಪು ಹಚ್ಚಿ ಮೂರು ಸಲ ಕೈ ತೊಳೆದಿದ್ದೆ. ನನ್ನ ಕೈ ನನಗೆ ಉರಿಯುತ್ತಿರಲಿಲ್ಲ. ಎಂಟು ವರ್ಷ ಈ ಕೆಲಸ ಮಾಡಿದ ಕೈ ಯಾವುದಕ್ಕೂ ಉರಿಯುವುದಿಲ್ಲ. ಬೆಳಗ್ಗೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಮಗಳನ್ನು ಮಣೆಯ ಮೇಲೆ ಕೂರಿಸಿ ನೆತ್ತಿಯಿಂದ ಶುರು ಮಾಡಿದೆ.

ಅವಳದು ಹುಟ್ಟಿದಾಗಿನಿಂದ ಒಣ ಚರ್ಮ. ಮೊಣಕೈ ಒಳಗೆ, ಮೊಣಕಾಲ ಹಿಂದೆ ಇಸುಬು. ಕೆರೆದೂ ಕೆರೆದೂ ಸದಾ ಗಾಯ. ಮೆಣಸಿನಕಾಯಿಯ ಖಾರ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ ಎನ್ನುವುದು ಕಣದ ಹೆಂಗಸರಿಗೆಲ್ಲ ಗೊತ್ತು. ಮೊದಲು ಕೈಗೆ ಎಣ್ಣೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ನನಗೂ ಗೊತ್ತಿತ್ತು. ದಣಿದಿದ್ದೆ, ಬಿಟ್ಟೆ. ಉಗುರ ಸಂದಿಯಲ್ಲಿ, ಬೆರಳ ಬಿರುಕಿನಲ್ಲಿ ಕೂತಿದ್ದ ಖಾರವೆಲ್ಲ ಎಣ್ಣೆಯ ಜೊತೆ ಅವಳ ಗಾಯಕ್ಕೆ ಇಳಿಯಿತು.

ಓಣಿಯ ಜನ ಸೇರುವಷ್ಟು ಕೂಗಿದಳು. ಹಬ್ಬಕ್ಕೆಂದು ಬಂದಿದ್ದ ನಮ್ಮತ್ತೆ ಕೊಟ್ರಮ್ಮ ಗಡಿಗೆ ಮಜ್ಜಿಗೆ ತಂದು ಮಗುವಿನ ಮೈಮೇಲೆ ಸುರಿದರು. ನಾನು ಎತ್ತಿಕೊಳ್ಳಲು ಹೋದರೆ, "ನೀ ದೂರ ಸರಿ, ಮುಟ್ಟಬ್ಯಾಡ," ಅಂದರು. ಸಂಜೆಗೆ ಅವಳನ್ನು ಸಿರುಗುಪ್ಪಕ್ಕೆ, ನನ್ನ ಮೈದುನನ ಮನೆಗೆ ಕರೆದುಕೊಂಡು ಹೋದರು. "ನಾಕು ದಿನ ಇರ್ಲಿ," ಅಂದಿದ್ದರು. ನಾಲ್ಕು ದಿನ ಒಂಬತ್ತು ತಿಂಗಳಾಯಿತು. ಶಾಲೆಯೂ ಅಲ್ಲೇ ಆಯಿತು. ನಾನು ಹೋದಾಗಲೆಲ್ಲ ಮಾತಾಡುತ್ತಾಳೆ, ನಗುತ್ತಾಳೆ, ತಂದದ್ದನ್ನು ತಿನ್ನುತ್ತಾಳೆ. ನಾನು ಕೈ ಚಾಚಿದರೆ ಮಾತ್ರ ಅಜ್ಜಿಯ ಹಿಂದೆ ಸರಿಯುತ್ತಾಳೆ. ಅವಳಿಗೆ ಈಗ ಏಳು ವರ್ಷ.

ಜನವರಿ ಒಂದನೇ ತಾರೀಕು ಬಳ್ಳಾರಿಯ ಪಾರ್ವತಿನಗರದಲ್ಲಿ ಚರ್ಮದ ಡಾಕ್ಟರಿಗೆ ತೋರಿಸಲು ಅತ್ತೆ ಅವಳನ್ನು ಕರೆತಂದರು. ನಾನೂ ಹೋಗಿದ್ದೆ. ಡಾಕ್ಟರ್ ವಿಜಯಲಕ್ಷ್ಮಿ ಮಗುವಿನ ಮೊಣಕೈ ತಿರುಗಿಸಿ ನೋಡಿದರು.

"ಐದ ನಿಮಿಷ ಸ್ನಾನ, ಉಗುರುಬೆಚ್ಚನ ನೀರು. ತಿಕ್ಕಬ್ಯಾಡ್ರಿ. ಟವೆಲ್ಲಿಂದ ಒತ್ತಿ ಒರಸ್ರಿ, ಮೈ ಇನ್ನಾ ಹಸಿ ಇರೋದ್ರಾಗ ಈ ಕ್ರೀಮ್ ಹಚ್ರಿ. ಮುಂಜಾನಿ ಒಮ್ಮಿ, ರಾತ್ರಿ ಒಮ್ಮಿ. ಕಮ್ಮಿ ಆತಂತ ಬಿಟ್ರ ಮತ್ತ ಬರ್ತೈತಿ. ಊಟ ಮಾಡೋದು ಬಿಡ್ತೀರೇನು? ಹಂಗ ಇದೂ."

"ನಾವೇನು ಕಲ್ಲು ಹಾಕಿ ತಿಕ್ಕತೀವೇನ್ರಿ?" ಅತ್ತೆಗೆ ಸಿಟ್ಟು ಬಂತು.

"ಹೂಂ, ಅಜ್ಜಿ ಕಲ್ಲು ಹಾಕೇ ತಿಕ್ಕತಾಳ," ಅಂದಳು ಶಾಂಭವಿ. "ತನ್ನ ಹಿಮ್ಮಡಿ ತಿಕ್ಕೋ ಕಲ್ಲು."

ಡಾಕ್ಟರ್ ನಗುತ್ತ ನನ್ನ ಕಡೆ ತಿರುಗಿದರು. ನಾನು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದೆ. "ಎಲ್ಲಿ, ನಿಮ್ಮ ಕೈ ತೋರಸ್ರಿ," ಅಂದರು. ನನಗೇನಿಲ್ಲ ಅಂದರೂ ಬಿಡಲಿಲ್ಲ. ಬಿರುಕುಗಳ ಅಂಚು ಕಪ್ಪಾಗಿದ್ದವು. ಸ್ವಲ್ಪ ಹೊತ್ತು ನೋಡಿ, "ಈ ಕೈ ಸರಿಯಾಗಬೇಕಂದ್ರ ಮೂರು ತಿಂಗಳು ಬೇಕು," ಅಂದರು. ಕೆಲಸದಲ್ಲಿ ಗ್ಲೌಸು. ಕೆಲಸ ಬಿಟ್ಟ ಮೇಲೆ ಮೊದಲು ಎಣ್ಣೆ, ಆಮೇಲೆ ಸೋಪು. ಮಲಗುವಾಗ ದಪ್ಪನಾಗಿ ಕ್ರೀಮು ಹಚ್ಚಿ ಮೇಲೊಂದು ಹತ್ತಿಯ ಕಾಲುಚೀಲ.

ಹೊರಗೆ ಬಂದ ಮೇಲೆ ಶಾಂಭವಿ ಅಜ್ಜಿಯ ಸೆರಗು ಎಳೆದು ಕೇಳಿದಳು, "ಅಜ್ಜಿ, ಅಮ್ಮನೂ ದಿನಾ ಹಚ್ಚಿಕೊಳ್ಳತಾಳೇನು?"

"ಹಚ್ಚಿಕೊಳ್ಳತೀನಿ," ಅಂದೆ.

"ಯುಗಾದಿಗಿ ನೋಡತೀನಿ," ಅಂದಳು, ನನ್ನನ್ನಲ್ಲ, ನನ್ನ ಕೈಗಳನ್ನು ನೋಡುತ್ತ.

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ನೋಡು ಶೈಲಾ, ಈ ಜೂನಿಗೂ ಅಲ್ಲೇ ಸಾಲಿಗಿ ಹಾಕಬೇಕಂತ ಮಾಡೀನಿ. ಯುಗಾದಿಗಿ ಕೂಸು ತಾನಾಗೇ ನಿನ್ನ ಕಡಿ ಬಂತಂದ್ರ ಕರ್ಕೊಂಡು ಹೋಗು. ನಾ ಬ್ಯಾಡ ಅನ್ನಂಗಿಲ್ಲ. ಅಂಜಿಸಿ ಮಾತ್ರ ಒಯ್ಯಬ್ಯಾಡ."

ಮರುದಿನ ರಬ್ಬರ್ ಗ್ಲೌಸು ಹಾಕಿಕೊಂಡು ಕಣದಲ್ಲಿ ಕೂತೆ. ಜೊತೆ ಕೆಲಸದ ಜಂಬಮ್ಮ ಎದುರಿನ ರಾಶಿಯಿಂದ ನೋಡಿದಳು. "ಏಮಮ್ಮಾ ಡಾಕ್ಟರಮ್ಮ, ಆಪರೇಷನ್ ಎಷ್ಟಕ್ಕ?" ಅಂದಳು. ಎಲ್ಲರೂ ನಕ್ಕರು. ಗ್ಲೌಸಿನಲ್ಲಿ ತೊಟ್ಟು ಕೈಗೆ ಸಿಗುವುದಿಲ್ಲ. ಎಲ್ಲರ ಬುಟ್ಟಿ ಎರಡು ಸಲ ತುಂಬುವಾಗ ನನ್ನದು ಒಂದೂವರೆ. ಒಳಗೆ ಬೆವರು ಬೇರೆ. ಸಂಜೆ ಆಟೋ ಕಾಯುತ್ತಿದ್ದರೂ ನಾನು ನಲ್ಲಿಯ ಹತ್ತಿರ ಕೂತು ಎಣ್ಣೆ ತಿಕ್ಕುತ್ತಿದ್ದೆ. "ಮದುಮಗಳಿಗಿ ಅರಿಷಿಣ ಆತೇನ?" ಎಂದು ಆಟೋದಿಂದ ಕೂಗುತ್ತಿದ್ದರು.

ನನ್ನ ಗಂಡ ಶಶಿಕಾಂತ್ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸದವನು. ಶಿಫ್ಟಿಗೆ ಹೊರಡುವಾಗ ಮನೆಯೆಲ್ಲ ಹುಡುಕಾಡಿದ. "ನನ್ನ ಸಾಕ್ಸ್ ಎಲ್ಲಿಟ್ಟೀಯೇ?"

"ನನ್ನ ಕೈಯಾಗ ಅದಾವು."

ನೋಡಿದ. "ಯಾರ ಮನಿಗಿ ಕನ್ನ ಹಾಕಾಕ ಹೊಂಟೀದಿ?" ಅಂದು, ಬರಿಗಾಲಲ್ಲೇ ಶೂ ಹಾಕಿಕೊಂಡು ಹೋದ. ಮೂರನೇ ದಿನ ಹೊಸ ಬಿಳಿ ಕಾಲುಚೀಲಗಳ ಜೊತೆಯೊಂದನ್ನು ದಿಂಬಿನ ಮೇಲೆ ಇಟ್ಟಿದ್ದ.

ದಿನಾ ಸಂಜೆ ಏಳೂವರೆಗೆ ಸಿರುಗುಪ್ಪಕ್ಕೆ ಫೋನು. ಅಲ್ಲಿ ಅವಳು ಹಚ್ಚಿಕೊಳ್ಳುತ್ತಾಳೆ, ಇಲ್ಲಿ ನಾನು. ಅವಳ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಕಿಗೂ ಎರಡು ಗೀಟು. ನೀಲಿಯದು ಅವಳದು, ಕೆಂಪು ನನ್ನದು.

"ಗ್ಲೌಸ್ ಹಾಕ್ಕೊಂಡಿದ್ದಿ?"

"ಹೂಂ."

"ಎಣ್ಣಿ?"

"ಹೂಂ."

"ಉಗುರು ಕತ್ತರಿಸಿದಿ?"

"ನಿನ್ನೆನ ಕತ್ತರಿಸೀನಲ್ಲ."

"ನಂದೂ ಅಜ್ಜಿ ಕತ್ತರಿಸ್ಯಾಳ. ಈಗ ಕೆರಕೊಂಡ್ರೂ ಗಾಯ ಆಗಂಗಿಲ್ಲ."

ಗೀಟು ಎಳೆಯುವ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು, ಅಥವಾ ನನಗೆ ಹಾಗೆ ಅನ್ನಿಸುತ್ತಿತ್ತು. ಫೋನಿಟ್ಟ ಮೇಲೆ ಕಾಲುಚೀಲ ತೊಟ್ಟ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದೆ. ಮೊದಲೆಲ್ಲ ಅವಳು ಮಲಗುವಾಗ ನನ್ನ ಹೆಬ್ಬೆರಳು ಹಿಡಿದುಕೊಳ್ಳುತ್ತಿದ್ದಳು. ನಿದ್ದೆ ಬಂತೆಂದು ಮೆಲ್ಲಗೆ ಬಿಡಿಸಿಕೊಳ್ಳಲು ಹೋದರೆ ಇನ್ನೂ ಬಿಗಿ. ಎಷ್ಟೋ ದಿನ ಪಾತ್ರೆ ತೊಳೆಯುವುದು ಉಳಿದಿದೆ ಎಂದು ಗೊಣಗಿದ್ದೇನೆ. ಈಗ ಹೆಬ್ಬೆರಳಿಗೆ ಎರಡು ಸಲ ಕ್ರೀಮು ಹಚ್ಚುತ್ತೇನೆ.

ಫೆಬ್ರವರಿಯಲ್ಲಿ ಕಾಯಿ ಒಂದೇ ಸಮನೆ ಬಂತು. ಒಂದು ಮಧ್ಯಾಹ್ನ ಎಡಗೈ ಗ್ಲೌಸು ಹರಿಯಿತು. ಕುರುಗೋಡಿನ ಅಂಗಡಿಯಲ್ಲಿ ಮುಗಿದಿತ್ತು, ಬಳ್ಳಾರಿಗೆ ಹೋಗಲು ಬಿಡುವಿಲ್ಲ. ಮೇಸ್ತ್ರಿ ಅಯ್ಯಣ್ಣ, "ಲಾರಿ ನಿಂತೈತಿ, ಲಗೂ ಕೈ ಆಡಸ್ರವ್ವಾ," ಎಂದು ತಲೆಯ ಮೇಲೆ ನಿಂತಿದ್ದ. ಮೂರು ದಿನ ಬರಿಗೈಯಲ್ಲಿ ತೊಟ್ಟು ಮುರಿದೆ. ಬಿರುಕು ಮತ್ತೆ ಬಾಯಿಬಿಟ್ಟವು. ಮೊದಲ ಸಂಜೆ ಅವಳು ಕೇಳಿದಳು, "ಗ್ಲೌಸ್ ಹಾಕ್ಕೊಂಡಿದ್ದಿ?"

"ಹೂಂ," ಅಂದೆ.

ಮರುದಿನವೂ. ಅದರ ಮರುದಿನವೂ. ಆ ಮೂರು ಕೆಂಪು ಗೀಟುಗಳ ತಾರೀಕು ನನಗೆ ಈಗಲೂ ನೆನಪಿದೆ.

ಯುಗಾದಿಗೆ ನಾಲ್ಕು ದಿನ ಇರುವಾಗ ಕಣಕ್ಕೆ ಹೋಗುವುದು ನಿಲ್ಲಿಸಿದೆ. ನಾಲ್ಕು ದಿನವೂ ಎಣ್ಣೆ, ಸೋಪು, ಕ್ರೀಮು, ಮತ್ತೆ ಎಣ್ಣೆ. ಹಬ್ಬದ ಹಿಂದಿನ ದಿನ ಶಶಿಕಾಂತ್ ಜೊತೆ ಸಿರುಗುಪ್ಪಕ್ಕೆ ಹೋದೆ. ರಾತ್ರಿ ಶಾಂಭವಿ ಅಜ್ಜಿಯ ಪಕ್ಕ ಮಲಗಿದಳು.

ಬೆಳಗ್ಗೆ ಹಂಡೆಯ ನೀರಿನಲ್ಲಿ ಬೇವಿನೆಲೆ ತೇಲುತ್ತಿದ್ದವು. ಡಾಕ್ಟರ್ ಹೇಳಿದಂತೆ ಐದೇ ನಿಮಿಷದ ಸ್ನಾನ. ಅತ್ತೆ ನೀರು ಹಾಕಿ, ಟವೆಲ್ ಸುತ್ತಿ, ಮಣೆಯ ಮೇಲೆ ಕೂರಿಸಿ, ಕ್ರೀಮಿನ ಡಬ್ಬಿಯನ್ನು ನನ್ನ ಮುಂದೆ ಇಟ್ಟು ಸರಿದು ನಿಂತರು. ಅವಳ ಮೊಣಕೈ ಒಳಗೆ ಹೊಸ ಚರ್ಮ ಬಂದಿತ್ತು.

ನಾನು ಎರಡೂ ಕೈ ಚಾಚಿದೆ. ಅವಳು ಬಗ್ಗಿ ಮೂಸಿದಳು. ಅಂಗೈ, ಹಿಂಗೈ, ಒಂದೊಂದೇ ಬೆರಳು.

"ಕಣ್ಣಿಗಿ ಹಚ್ಚಿಕೋ," ಅಂದಳು.

"ಏನು?"

"ನಿನ್ನ ಬೆರಳು, ನಿನ್ನ ಕಣ್ಣಿಗಿ. ಉರಿಲಿಲ್ಲಂದ್ರ ನನಗ ಹಚ್ಚು."

ತೋರುಬೆರಳನ್ನು ಕಣ್ಣ ಕೆಳರೆಪ್ಪೆಯ ಒಳಗೆ ಎಳೆದುಕೊಂಡೆ. ಉರಿಯಲಿಲ್ಲ. ಆದರೆ ಅವಳು ಅಷ್ಟು ಹತ್ತಿರ ಕೂತಿದ್ದಳು. ಅವಳ ಒದ್ದೆ ಕೂದಲಿನ ಬೇವಿನ ವಾಸನೆ ಬಡಿಯಿತು, ವರ್ಷದಿಂದ ಆ ಮುಖವನ್ನು ಇಷ್ಟು ಸಮೀಪ ಕಂಡಿರಲಿಲ್ಲ. ಈಗ ಬೇಡ, ಈಗ ಬೇಡ ಅಂದುಕೊಂಡೆ. ಕಣ್ಣು ಕೇಳಲಿಲ್ಲ. ತುಂಬಿ, ಹರಿದೇ ಬಿಟ್ಟಿತು.

"ಉರೀತೈತಿ! ಅಜ್ಜಿ, ಅಮ್ಮನ ಕಣ್ಣು ಉರೀತೈತಿ!" ಮಣೆ ಬಿಟ್ಟು ಗೋಡೆಗೆ ಒತ್ತಿ ನಿಂತಳು.

"ಇಲ್ಲವ್ವ, ಉರಿಯವಲ್ದು. ಇದು ಬ್ಯಾರೆ," ಅಂದೆ. ಒರೆಸಿಕೊಂಡಷ್ಟೂ ಬರುತ್ತಿತ್ತು. ಯಾವುದು ಬೇರೆ ಎಂದು ಏಳು ವರ್ಷದ ಮಗುವಿಗೆ ಹೇಗೆ ಹೇಳುವುದು?

ಅತ್ತೆ ಮುಂದೆ ಬಂದರು. ನನ್ನ ಒದ್ದೆ ಬೆರಳನ್ನು ಹಿಡಿದು, ಯಾರೂ ಏನೂ ಅನ್ನುವ ಮೊದಲೇ ತಮ್ಮ ನಾಲಿಗೆಗೆ ಒತ್ತಿಕೊಂಡರು. ಸಾರಿನ ರುಚಿ ನೋಡುವಾಗಿನ ಮುಖ ಮಾಡಿದರು.

"ಉಪ್ಪೈತಿ," ಅಂದರು. "ಖಾರ ಇಲ್ಲ."

ಶಾಂಭವಿ ಅಜ್ಜಿಯ ನಾಲಿಗೆಯನ್ನೇ ನೋಡುತ್ತ ನಿಂತಳು. "ಉರೀವಲ್ದು?"

"ಇಲ್ಲಲೇ. ಬೇಕಂದ್ರ ಇನ್ನೊಂದು ಬೆರಳು ತಿಂತೀನಿ."

ಮೆಲ್ಲಗೆ ಬಂದು ಮಣೆಯ ತುದಿಯಲ್ಲಿ ಕೂತಳು. ಈಗ ಹಚ್ಚಬಹುದಿತ್ತು. ಡಬ್ಬಿಯೊಳಗೆ ಬೆರಳು ಇಟ್ಟವಳು ಹಾಗೇ ನಿಲ್ಲಿಸಿದೆ. ಗೋಡೆಯ ಮೇಲೆ ಅವಳ ಕ್ಯಾಲೆಂಡರು ತೂಗುತ್ತಿತ್ತು.

"ಫೆಬ್ರವರಿಯೊಳಗ ಮೂರು ದಿನ ಗ್ಲೌಸ್ ಹಾಕ್ಕೊಂಡಿರಲಿಲ್ಲ," ಅಂದೆ. "ಹಾಕ್ಕೊಂಡೀನಿ ಅಂತ ಸುಳ್ಳು ಹೇಳಿದ್ದೆ."

ಅತ್ತೆ ಹಣೆ ಚಚ್ಚಿಕೊಂಡರು. "ಈಗ ಯಾಕ ಹೇಳಬೇಕಿತ್ತಬೇ?"

ಶಾಂಭವಿ ಎದ್ದು ಹೋಗಿ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ತಿರುವಿದಳು. "ಯಾವ ಮೂರು?" ತಾರೀಕು ಹೇಳಿದೆ. ಆ ಮೂರು ಕೆಂಪು ಗೀಟುಗಳ ಮೇಲೆ ಪೆನ್ನಿನಿಂದ ಒತ್ತಿ ಒತ್ತಿ ಸೊನ್ನೆ ಸುತ್ತಿದಳು. ಎಲ್ಲ ಮುಗಿಯಿತು ಅಂದುಕೊಂಡೆ. ತಿರುಗಿ ಬಂದು ಕೂತಳು. ಆಮೇಲೆ ಬಲಗಾಲನ್ನು ನನ್ನ ಮಡಿಲಲ್ಲಿ ಇಟ್ಟಳು. ಎಡಗಾಲನ್ನು ಟವೆಲ್ಲಿನೊಳಗೆ ಮುಚ್ಚಿಕೊಂಡಳು.

"ಮೂರು ದಿನ ಸುಳ್ಳು. ಅದಕ್ಕ ಇವತ್ತು ಒಂದ ಕಾಲು," ಅಂದಳು. "ನಾಳಿ ಇನ್ನೊಂದು."

ಪಾದದಿಂದ ಶುರು ಮಾಡಿದೆ. ಬೆರಳಿನ ಸಂದಿ, ಹಿಮ್ಮಡಿ, ಮೊಣಕಾಲಿನ ಹಿಂದೆ. ಅಲ್ಲಿಗೆ ನನ್ನ ಕೈ ಬಂದಾಗ ಅವಳ ಕಾಲು ಬಿಗಿಯಾಯಿತು. ನಾನು ಕೈ ನಿಲ್ಲಿಸಿದೆ. ಒಂದು ಕ್ಷಣ ಕಾದು ಅವಳೇ ಸಡಿಲ ಬಿಟ್ಟಳು. "ದೊರಗು ಐತಿ ಕೈ," ಅಂದಳು. "ಆದ್ರ ಉರಿಯವಲ್ದು."

ಶಶಿಕಾಂತ್ ಬಾಗಿಲಲ್ಲಿ ನಿಂತಿದ್ದ. ಸಂಜೆಯ ಬಸ್ಸಿಗೆ ಹೊರಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೆವು.

"ನಾಳಿ ಮುಂಜಾನಿ ಲೋಡ್ ಐತಿ ಅಂದಿದ್ದೆಲ್ಲ. ಅಯ್ಯಣ್ಣ ಕಾಯ್ತಾನ," ಅಂದರು ಅತ್ತೆ.

ನಾನು ತಲೆ ಎತ್ತಲಿಲ್ಲ. ಹೆಬ್ಬೆರಳು ಅವಳ ಹಿಮ್ಮಡಿಯ ಮೇಲಿತ್ತು.

"ಕಾಯಲಿ ಬಿಡ್ರಿ, ಅತ್ತಿ," ಅಂದೆ. "ನಾಳಿ ನನಗ ಇನ್ನೊಂದು ಕಾಲು ಐತಿ."