ಈರಕ್ಕನ ಅಡ್ಜಸ್ಟ್

ಈರಕ್ಕನಿಗೆ ಬರುತ್ತಿದ್ದ ಇಂಗ್ಲಿಷ್ ಒಂದೇ ಮಾತು. ಆ ಒಂದರಲ್ಲೇ ಸಂಸಾರ ತೂಗಿಸಿಬಿಟ್ಟಿದ್ದಳು. ಶಿರಾದಿಂದ ತಾವರೆಕೆರೆಗೆ ಬರುವ ಬಸ್ಸಿನಲ್ಲಿ ಕಂಡಕ್ಟರು "ಅಡ್ಜಸ್ಟ್ ಮಾಡ್ಕಳ್ರಮ್ಮ" ಎಂದು ಮೂವರ ಸೀಟಿಗೆ ನಾಲ್ಕನೆಯವಳನ್ನು ತುರುಕಿದಾಗ ಕಲಿತದ್ದು. ಬಸ್ಸಿನಲ್ಲಿ ಅದಕ್ಕೆ ಜರುಗು ಎಂದಷ್ಟೇ ಅರ್ಥ. ಮನೆಗೆ ಬಂದ ಮೇಲೆ ಮರಿ ಹಾಕತೊಡಗಿತು. ಸಾರಿಗೆ ಉಪ್ಪು ಹೆಚ್ಚಾದರೆ ಅಡ್ಜಸ್ಟ್, ಅಂದರೆ ಸುಮ್ಮನೆ ಉಣ್ಣು. ಕುರಿ ವ್ಯಾಪಾರಿ ಚೌಕಾಸಿಗೆ ನಿಂತರೆ ಅಡ್ಜಸ್ಟ್, ಅಂದರೆ ನೀನೊಂದಿಷ್ಟು ಏರು, ನಾನೊಂದಿಷ್ಟು ಇಳಿಯುತ್ತೇನೆ. ಮಗ ಅಂಜಿನಮೂರ್ತಿ ಹೆಂಡತಿಯ ಮೇಲೆ ರೇಗಿದರೆ ಸೊಸೆಗೆ ಅಡ್ಜಸ್ಟ್, ಅಂದರೆ ತಾಳು, ಸೈರಿಸು, ಬಾಯಿ ಮುಚ್ಚಿಕೋ. ಈ ಕೊನೆಯ ಅರ್ಥವೇ ಹೆಚ್ಚು ಖರ್ಚಾಗುತ್ತಿತ್ತು.

ಸೊಸೆ ಯಶೋದ ಆಸ್ಪತ್ರೆಯಿಂದ ಹೆಣ್ಣು ಕೂಸು ಎತ್ತಿಕೊಂಡು ಬಂದ ದಿನವೂ ಅದೇ ಮಾತು. ಸೂತಕ ಕಳೆಯುವ ತನಕ ಬಾಣಂತಿ ಮನೆಗಳಿರುವ ಹಟ್ಟಿಯೊಳಗೆ ಕಾಲಿಡುವಂತಿಲ್ಲ, ದೇವರಿಗೆ ಮೈಲಿಗೆ. ಬೇಲಿಯಾಚೆ ತೆಂಗಿನ ಗರಿಯ ಗುಡಿಸಲಲ್ಲಿ ಈರಕ್ಕನೇ ಚಾಪೆ ಹಾಸಿಕೊಟ್ಟಳು.

"ಒಸಿ ದಿನ ಕಣಮ್ಮ, ಅಡ್ಜಸ್ಟ್ ಮಾಡ್ಕ."

"ನೀನೂ ಇಂಗೇ ಇದ್ದ್ಯಾ ಅತ್ತೆ?"

"ಇನ್ನೆಂಗೆ ಮತ್ತೆ?" ಎಂದು ಈರಕ್ಕ ಹೊರಟುಬಿಟ್ಟಳು. ಅವಳ ಚೊಚ್ಚಲ ಕೂಸು ಇಂಥದ್ದೇ ಗುಡಿಸಲಲ್ಲಿ ಶೀತಗಾಳಿಗೆ ಸಿಕ್ಕಿ ಹೋಗಿತ್ತು. ಆಗಿನವರಿಗೆ ಇಂಗ್ಲಿಷ್ ಗೊತ್ತಿರಲಿಲ್ಲ. ದೇವರು ಕೊಟ್ಟ, ದೇವರೇ ಕರಕೊಂಡ, ತಡಕೋ ಎಂದಿದ್ದರು. ಅವಳು ತಡೆದುಕೊಂಡಿದ್ದಳು.

ಅಷ್ಟರಲ್ಲಿ ಕಾರ್ತಿಕದ ಜಡಿಮಳೆ ಹಿಡಿಯಿತು. ಮಧ್ಯಾಹ್ನ ಈರಕ್ಕ ಮುದ್ದೆ ತಂದು, ಪದ್ಧತಿಯಂತೆ ತಟ್ಟೆಯನ್ನು ನೆಲಕ್ಕಿಟ್ಟು ಹಿಂದೆ ಸರಿದಳು. ಮುಟ್ಟಿದರೆ ಅವಳಿಗೂ ಮೈಲಿಗೆ. ಗರಿಯ ಸಂದಿನಿಂದ ಚಾಪೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

"ಅತ್ತೆ, ಕೂಸಿನ ಕಾಲು ತಣ್ಣಗೈತೆ. ಹಾಲೂ ಕುಡೀತಿಲ್ಲ."

"ಅಡ್..." ಎಂದಳು ಈರಕ್ಕ. ಈ ಕೂಸಿಗೆ ಆ ಮಾತು ಹೇಳಿದರೆ ಸಾಯಿ ಎಂದೇ ಅರ್ಥ. ಅದು ಅವಳಿಗೆ ಬಹಳ ಹಿಂದೆಯೇ ಗೊತ್ತಿತ್ತು. ಗೊತ್ತಿದ್ದೂ ಚಾಪೆ ಹಾಸಿದ್ದಳು.

ಬಗ್ಗಿ ಒಳನುಗ್ಗಿ ಕೂಸಿನ ಪಾದ ಹಿಡಿದಳು. ಆ ತಣುಪನ್ನು ಅವಳ ಕೈ ಮರೆತಿರಲಿಲ್ಲ. ಕೂಸನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡಳು.

"ಏಳಮ್ಮ, ಮನೆಗೋಗಾನ."

ಹಟ್ಟಿ ಬಾಗಿಲಿನ ಚಪ್ಪರದಡಿ ಪೂಜಾರಿ ಓಬಳಯ್ಯ ದಾರಿಗಡ್ಡ ಕಾಲು ಚಾಚಿ ಕೂತಿದ್ದ. ಬಾಣಂತಿಯನ್ನು ಕಂಡು ಹೌಹಾರಿದ.

"ಏನ್ ಈರಕ್ಕ ಇದು? ದೇವ್ರು ಮುನಿಸ್ಕಂತಾನೆ ಕಣಮ್ಮ!"

"ಮುನಿಸ್ಕಳ್ಳಿ ಬುಡು ಪೂಜಾರಪ್ಪ. ಹುಟ್ದಾಗ್ನಿಂದ ನಾವೇ ಆತಂಗೆ ಅಡ್ಜಸ್ಟ್ ಮಾಡ್ಕಂಡ್ ಬಂದಿವಿ. ಒಂದ್ ಕೂಸು ಕೊಟ್ಟೂ ಆಗೈತೆ. ಇವತ್ತು ಆತನೂ ಒಸಿ ಅಡ್ಜಸ್ಟ್ ಮಾಡ್ಕಳ್ಳಿ."

ಓಬಳಯ್ಯನಿಗೂ ಆ ಕೂಸಿನ ನೆನಪಿತ್ತು. ಮಣ್ಣು ಮಾಡಲು ಹೋದವರಲ್ಲಿ ಅವನೂ ಒಬ್ಬ. ಚಾಚಿದ್ದ ಕಾಲು ಮಡಚಿಕೊಂಡ. ಈರಕ್ಕ ಸೊಸೆಯನ್ನು ಮುಂದೆ ಬಿಟ್ಟುಕೊಂಡು ದಾಟಿದಳು.

ಒಲೆಯ ಮುಂದೆ ಕೂತು ಅಂಗಾಲು ಉಜ್ಜಿದಳು, ಉಜ್ಜಿಯೇ ಉಜ್ಜಿದಳು. ಮೈ ಬೆಚ್ಚಗಾದ ಮೇಲೆ ಕೂಸು ಹಟ್ಟಿಗೆಲ್ಲ ಕೇಳುವಂತೆ ಕಿಟಾರನೆ ಕಿರುಚಿತು. ಯಶೋದ ಹೆದರಿ ಅದರ ಬಾಯಿಗೆ ಸೆರಗು ಅಡ್ಡ ಹಿಡಿಯಹೋದಳು.

"ಅಳ್ಲಿ ಬುಡಮ್ಮ," ಎಂದಳು ಈರಕ್ಕ, ಕಣ್ಣೊರೆಸಿಕೊಳ್ಳುತ್ತ. "ಇದಾದ್ರೂ ಬಾಯ್ ಮುಚ್ಕಳದ್ ಬ್ಯಾಡ."