ಏರುದಾರಿಯಲ್ಲಿ ಅತ್ತೆ ಇಳಿಯಬೇಕಾಗಿಲ್ಲ

ಆಸ್ಪತ್ರೆ ಇದ್ದದ್ದು ಗುಡ್ಡದ ಮೇಲೆ. ಅಲ್ಲಿಗೆ ಹೋಗುವ ದಾರಿಗೆ ಆರು ತಿರುವು. ಮೂರನೆಯ ತಿರುವು ಬಂತೆಂದರೆ ಬೇಕರಿ ಮನೆಯ ಸೊಸೆಯ ಬೈಕು ಏದುಸಿರು ಬಿಡಲು ಶುರುಮಾಡುತ್ತಿತ್ತು. ಅವಳು ಗೇರನ್ನು ಎರಡರಿಂದ ಒಂದಕ್ಕೆ ಇಳಿಸುವಳು, ಮೈಯನ್ನು ಮುಂದಕ್ಕೆ ಬಾಗಿಸುವಳು, ತುಂಟ ಮಗುವಿನ ಕಿವಿ ಹಿಂಡುವ ಹಾಗೆ ಹಿಡಿಯನ್ನು ತಿರುಚುವಳು. ಬೈಕು ಗೊರಗೊರ ಎನ್ನುತ್ತಿತ್ತೇ ಹೊರತು ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಆಗ ಹಿಂದೆ ಕುಳಿತ ಅತ್ತೆ ಮೆಲ್ಲಗೆ ಅವಳ ಭುಜ ತಟ್ಟುತ್ತಿದ್ದರು.

“ನಿಲ್ಸಮ್ಮ. ನಾನು ಇಳಿದು ನಡೀತೀನಿ. ಕೂತು ಕೂತು ಸೊಂಟ ಹಿಡ್ಕೊಂಡಿದೆ.”

ಸೊಂಟ ಹಿಡಿದಿರಲಿಲ್ಲ. ಮನೆ ಬಿಟ್ಟು ಹತ್ತು ನಿಮಿಷವೂ ಆಗಿರುತ್ತಿರಲಿಲ್ಲ. ಸೊಸೆಗೆ ಮುಜುಗರವಾಗಬಾರದೆಂದು ಅತ್ತೆ ಹೇಳುತ್ತಿದ್ದ ಮಾತು ಅದು. ಸೊಸೆಯೂ ಅದನ್ನು ನಂಬಿದವಳ ಹಾಗೆ ತಲೆಯಾಡಿಸಿ, ಖಾಲಿ ಬೈಕನ್ನು ಮುಂದಿನ ತಿರುವಿಗೆ ಒಯ್ದು ನಿಲ್ಲಿಸಿ ಕಾಯುತ್ತಿದ್ದಳು.

ತೊಂದರೆ ಏನೆಂದರೆ, ಅತ್ತೆ ನಡೆಯಬಾರದಿತ್ತು. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಹೆಬ್ಬೆರಳ ಕೆಳಗೆ ಹುಣ್ಣಾಗಿತ್ತು. ದಿನ ಬಿಟ್ಟು ದಿನ ಮಧ್ಯಾಹ್ನ ಆಸ್ಪತ್ರೆಗೆ ಬಂದು ಪಟ್ಟಿ ಬದಲಾಯಿಸಿಕೊಳ್ಳಬೇಕು, ಗಾಯ ಮಾಗುವವರೆಗೆ ಆ ಕಾಲಿನ ಮೇಲೆ ಭಾರ ಹಾಕಬಾರದು ಎಂದು ಡಾಕ್ಟರು ಹೇಳಿದ್ದರು. ಗುಡ್ಡದ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಮಗ ಮಧ್ಯಾಹ್ನದ ಹೊತ್ತಿನಲ್ಲಿ ಬೇಕರಿಯ ಒಲೆಯ ಮುಂದಿನಿಂದ ಏಳುವ ಹಾಗಿಲ್ಲ. ಹೀಗಾಗಿ ಬೆಳಿಗ್ಗೆ ಅಂಗಡಿ ಅಂಗಡಿಗೆ ಬ್ರೆಡ್ಡು, ಬನ್ನು, ಕೇಕು ಹಾಕಿ ಬರುವ ಸೊಸೆಯೇ ಮಧ್ಯಾಹ್ನ ಅದೇ ಬೈಕಿನಲ್ಲಿ ಅತ್ತೆಯನ್ನೂ ಕರೆದೊಯ್ಯುತ್ತಿದ್ದಳು.

ಒಂದು ದಿನ ನರ್ಸು ಪಟ್ಟಿ ಬಿಚ್ಚಿದಾಗ ಬಟ್ಟೆಯ ಮಡಿಕೆಯಿಂದ ಮೂರು ನಾಲ್ಕು ಮರಳಿನ ಹರಳು ತಟ್ಟೆಗೆ ಬಿದ್ದವು. ಗಾಯದ ಅಂಚು ಹಿಂದಿನ ವಾರಕ್ಕಿಂತ ಅಗಲವಾಗಿತ್ತು. ನರ್ಸು ಗದರಲಿಲ್ಲ. ಎದ್ದುಹೋಗಿ ಪಕ್ಕದ ಹಾಸಿಗೆಯವರಿಗೆ ಕಾಣದಂತೆ ಪರದೆ ಎಳೆದು ಬಂದು, ತಗ್ಗಿದ ದನಿಯಲ್ಲಿ, ಎಲ್ಲಾದರೂ ನಡೆದಿದ್ದೀರಾ ಎಂದು ಕೇಳಿದಳು. ಅತ್ತೆ ಹಿತ್ತಲಲ್ಲಿ ಕಾಲು ಜಾರಿತು ಅಂದರು. ಸೊಸೆ ನೆಲ ನೋಡಿದಳು.

“ಅಜ್ಜಿ, ಇನ್ನು ಎರಡು ವಾರದಲ್ಲಿ ಇದು ಮಾಗೋಕೆ ಶುರುವಾಗದಿದ್ರೆ ಬೆರಳು ಉಳಿಸೋದು ಕಷ್ಟ,” ಅಂದಳು ನರ್ಸು.

ಮನೆಗೆ ಬಂದ ಮೇಲೆ ಅತ್ತೆ, ನಾಳಿದ್ದಿನಿಂದ ಆಸ್ಪತ್ರೆ ಬೇಡ, ಮನೆಯಲ್ಲೇ ನಾನೇ ಪಟ್ಟಿ ಕಟ್ಟಿಕೊಳ್ಳುತ್ತೇನೆ ಅಂದರು. ನಿನಗೂ ಓಡಾಟ ತಪ್ಪುತ್ತದೆ ಎಂದು ನಗುತ್ತಲೇ ಹೇಳಿದರು.

ಅವತ್ತು ಸಂಜೆ ಮೈದುನ ಬಂದ. ಬೈಕು ಅಂದರೆ ಅವನಿಗೆ ಪ್ರಾಣ. ಸೈಲೆನ್ಸರ್ ಕೊಯ್ದ ಅವನ ಗಾಡಿ ಬೀದಿಯ ಕೊನೆಗೆ ಬರುವಷ್ಟರಲ್ಲಿ ಮನೆಯೊಳಗಿನ ಪಾತ್ರೆಗಳು ನಡುಗುತ್ತಿದ್ದವು. ಅಣ್ಣನ ಬೈಕಿನ ಪಕ್ಕದ ಡಬ್ಬಿ ಬಿಚ್ಚಿ, ಒಳಗಿದ್ದ, ಗಾಳಿ ಸೋಸುವ ಏರ್ ಫಿಲ್ಟರ್ ಎಳೆದು ಹೊರಗೆಸೆದ.

“ಅತ್ತಿಗೆ, ಇದಕ್ಕೆ ಉಸಿರು ಕಟ್ಟಿದೆ, ಅಷ್ಟೇ. ಇನ್ನು ನೋಡಿ ಹೆಂಗೆ ಹಾರುತ್ತೆ. ಭಾನುವಾರ ಬಂದು ಸೈಲೆನ್ಸರ್ ಒಳಗಿನ ತಗಡೂ ಕೊಯ್ದುಬಿಡ್ತೀನಿ.”

ಮಾರನೆಯ ದಿನ ಸೊಸೆ ಅತ್ತೆಯ ತೂಕದಷ್ಟು ಹಿಟ್ಟಿನ ಮೂಟೆಯನ್ನು ಹಿಂದೆ ಕಟ್ಟಿಕೊಂಡು ಒಬ್ಬಳೇ ಗುಡ್ಡದ ದಾರಿಗೆ ಹೋಗಿ ನೋಡಿದಳು. ಬೈಕು ನಾಲ್ಕನೆಯ ತಿರುವಿನವರೆಗೂ ಹತ್ತಿತು. ಮೈದುನನಿಗೆ ಮನಸ್ಸಿನಲ್ಲೇ ಕೈಮುಗಿದಳು. ಬರುವಾಗ ಹಿಂದಿನ ಗಾಲಿಗೆ ಮೊಳೆ ಚುಚ್ಚಿತು. ತಳ್ಳಿಕೊಂಡು ಗುಡ್ಡದ ಬುಡದ ಪಂಕ್ಚರ್ ಅಂಗಡಿಗೆ ಬಂದಳು.

ಆ ಅಂಗಡಿ ನಡೆಸುವ ಹೆಂಗಸನ್ನು ಎಲ್ಲರೂ ಗಾಳಿಯಮ್ಮ ಅನ್ನುತ್ತಿದ್ದರು. ಮೊದಲು ಗಂಡ ರಿಪೇರಿ ಮಾಡುತ್ತಿದ್ದ, ಇವರು ಗಾಳಿ ತುಂಬುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಎರಡೂ ಕೆಲಸ ಇವರದೇ. ಗಾಲಿ ಬಿಚ್ಚುವ ಮೊದಲು ಗಾಳಿಯಮ್ಮ ಮುಂದಿನ ಟೈರಿನ ಬಾಯಿಗೆ ಗಾಳಿ ಅಳೆಯುವ ಕಡ್ಡಿ ಒತ್ತಿ ನೋಡಿದರು. ಇರಬೇಕಾದ್ದರ ಅರ್ಧವೂ ಗಾಳಿ ಇರಲಿಲ್ಲ.

“ಇದಕ್ಕೇನು ಉಪವಾಸ ಕೆಡವಿದ್ದೀಯಾ?”

ಸೊಸೆ ನಾಚಿಕೊಂಡೇ ಹೇಳಿದಳು. ಕೇಕಿನ ಮೇಲಿನ ಕೆನೆ ಅಲುಗಿ ಅಂದಗೆಡಬಾರದೆಂದು ಬೇಕರಿಯಲ್ಲಿ ಎಂದಿನಿಂದಲೂ ಟೈರನ್ನು ಮೆತ್ತಗಿಡುವುದೇ ರೂಢಿ. ಮಾವನ ಸೈಕಲ್ಲಿನ ಕಾಲದಿಂದ ಹಾಗೇ. ಗಾಳಿಯಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು.

“ಅಲ್ಲಮ್ಮ, ಮೆತ್ತಗಿರಬೇಕಾದ್ದು ಕೇಕಿನ ಕೆಳಗೆ, ರಸ್ತೆ ಮೇಲಲ್ಲ. ಪೆಟ್ಟಿಗೆಯೊಳಗೆ ಎರಡು ಬೆರಳು ದಪ್ಪ ಸ್ಪಂಜ್ ಹಾಸು. ಮೆತ್ತನೆ ಟೈರಲ್ಲಿ ಗಾಡಿ ಓಡಿಸೋದು ಕೆಸರಲ್ಲಿ ನಡೆದ ಹಾಗೆ. ಇಂಜಿನ್ ಪಾಪ ಎಷ್ಟು ಅಂತ ಎಳೆಯುತ್ತೆ?”

ಪಂಕ್ಚರ್ ಹಾಕಿ, ಎರಡೂ ಟೈರಿಗೆ ಸರಿಯಾಗಿ ಗಾಳಿ ತುಂಬಿ, ಗಾಡಿ ಚಾಲೂ ಮಾಡಿದವರು ಹುಬ್ಬು ಗಂಟಿಕ್ಕಿದರು. ಪಕ್ಕಕ್ಕೆ ಬಾಗಿ ಕಿವಿಗೊಟ್ಟು, ಇದರ ಫಿಲ್ಟರ್ ಯಾರು ತೆಗೆದದ್ದು ಎಂದು ಕೇಳಿದರು. ಸೊಸೆ ನಡೆದದ್ದೆಲ್ಲ ಹೇಳಿದಳು. ಹೇಳಿ, ವಾದವನ್ನೂ ಮಾಡಿದಳು. ತೆಗೆದ ಮೇಲೆ ಒಂದು ತಿರುವು ಹೆಚ್ಚಿಗೆ ಹತ್ತಿತಲ್ಲ, ಕಣ್ಣಾರೆ ಕಂಡದ್ದನ್ನು ಹೇಗೆ ಇಲ್ಲ ಅನ್ನಲಿ? ಎಸೆದ ಫಿಲ್ಟರ್ ಅವಳ ಚೀಲದಲ್ಲೇ ಇತ್ತು. ಹಳೆಯ ಸಾಮಾನು ಬಿಸಾಡಲು ಅವಳಿಗೆ ಮನಸ್ಸು ಬರುವುದಿಲ್ಲ.

ಗಾಳಿಯಮ್ಮ ಅದನ್ನು ಅಂಗೈಗೆ ಬಡಿದರು. ಬಿಳಿ ಪುಡಿ ಉದುರಿತು. ಮೂಸಿ ನೋಡಿ, ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಅಂದರು. ಹಿಟ್ಟಿನ ಕೋಣೆಯಲ್ಲಿ ಅಂದಳು ಸೊಸೆ. ಅಗಲ ಬಾಗಿಲಿರುವುದು ಅದೊಂದಕ್ಕೇ. ಬೆಳಗಾಗುತ್ತಲೇ ಅಲ್ಲೇ ಹಿಟ್ಟು ಜರಡಿ ಹಿಡಿಯುತ್ತಾರೆ. ಅದು ನಡೆಯುತ್ತಿರುವಾಗಲೇ ಅವಳು ಗಾಡಿ ಚಾಲೂ ಮಾಡಿ ಬಿಸಿಯಾಗಲು ಬಿಡುತ್ತಾಳೆ. ಇಷ್ಟು ಹೇಳುವಷ್ಟರಲ್ಲಿ ಅವಳಿಗೇ ಅರ್ಧ ಅರ್ಥವಾಗಿತ್ತು.

“ನಿನ್ನ ಜರಡಿಯ ಕಣ್ಣು ಹಿಟ್ಟು ಕೂತು ಕಟ್ಟಿಕೊಂಡ್ರೆ ಏನು ಮಾಡ್ತೀಯ?” ಎಂದು ಕೇಳಿದರು ಗಾಳಿಯಮ್ಮ.

“ಕೊಡವಿ ಒರೆಸ್ತೀನಿ. ತೀರಾ ಹಳತಾಗಿದ್ರೆ ಹೊಸದು ತರ್ತೀನಿ.”

“ಜರಡಿಯೇ ಬೇಡ ಅಂತ ಹಾಗೇ ಕಲಸಿಬಿಡಲ್ವಾ?”

ಹುಳು, ಕಡ್ಡಿ, ಕಲ್ಲು ಸೇರಿದ ಬ್ರೆಡ್ಡನ್ನು ಮಾರುವುದು ಸೊಸೆಗೆ ಕನಸಿನಲ್ಲೂ ಆಗದ ಮಾತು.

ಇದೂ ಜರಡಿಯೇ ಎಂದು ಗಾಳಿಯಮ್ಮ ಬಿಡಿಸಿ ಹೇಳಿದರು. ಕಟ್ಟಿಕೊಂಡ ಜರಡಿ ತೆಗೆದ ಕೂಡಲೇ ಗಾಡಿಗೆ ಹಾಯೆನಿಸಿದ್ದು ನಿಜ. ಆದರೆ ಇನ್ನು ಮೇಲೆ ರಸ್ತೆಯ ಧೂಳು, ಮರಳು ನೇರ ಇಂಜಿನ್ನಿನೊಳಗೆ ಇಳಿದು ಮರಳುಕಾಗದದ ಹಾಗೆ ಅದನ್ನು ಒಳಗಿಂದ ಉಜ್ಜುತ್ತದೆ. ಕೆಲವೇ ತಿಂಗಳಲ್ಲಿ ಹೊಗೆ ಬಿಡಲು ಶುರುಮಾಡುತ್ತದೆ, ಆಮೇಲೆ ಸಮದಾರಿಯಲ್ಲೂ ಎಳೆಯುವುದಿಲ್ಲ. ಸೈಲೆನ್ಸರ್ ಕೊಯ್ದರೆ ಸದ್ದು ಹೆಚ್ಚುತ್ತದೆ, ಏರಿನಲ್ಲಿ ಬೇಕಾದ ಬಲ ಇನ್ನೂ ಕುಗ್ಗುತ್ತದೆ. ಅದಕ್ಕೆ ದಂಡವೂ ಉಂಟು, ಆಸ್ಪತ್ರೆಯಲ್ಲಿ ಮಲಗಿದವರ ಶಾಪವೂ ಉಂಟು.

ಆಮೇಲೆ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಹಿಂದಿನ ಗಾಲಿ ತಿರುಗಿಸಿದರು. ಅರ್ಧ ಸುತ್ತಿಗೇ ನಿಂತಿತು. ಬ್ರೇಕು ಯಾವಾಗಲೂ ಹಿಡಿದುಕೊಂಡೇ ಇತ್ತು. ಅದನ್ನು ಸರಿಮಾಡಿ, ಒತ್ತಿದರೆ ನಿಲ್ಲುವಂತೆ, ಬಿಟ್ಟರೆ ಸಲೀಸಾಗಿ ತಿರುಗುವಂತೆ ಮಾಡಿದರು. ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿದರೆ ಕಾಡಿಗೆ ಬಳಿದಂತಿತ್ತು; ಉಜ್ಜಿ ಹಾಕಿದರು. ಚೈನು ಒಣಗಿ ಕಿರುಗುಟ್ಟುತ್ತಿತ್ತು. ಚೈನು ಸುತ್ತುವ ಹಿಂದಿನ ಹಲ್ಲುಚಕ್ರದ ಹಲ್ಲುಗಳು ಸವೆದು ಕೊಕ್ಕೆಯಂತೆ ಬಾಗಿದ್ದವು.

“ಇವನ್ನು ಹೇಗೂ ಬದಲಾಯಿಸಬೇಕು. ಹಿಂದೆ ಎರಡು ಹಲ್ಲು ಹೆಚ್ಚಿರೋ ಚಕ್ರ ಹಾಕೋಣ. ಮೂಟೆ ಹೊತ್ತು ಮೆಟ್ಟಿಲು ಹತ್ತುವಾಗ ದಾಪುಗಾಲು ಹಾಕ್ತೀಯೋ, ಸಣ್ಣ ಹೆಜ್ಜೆ ಇಡ್ತೀಯೋ? ಇದು ಗಾಡಿಗೆ ಸಣ್ಣ ಹೆಜ್ಜೆ ಕಲಿಸುತ್ತೆ. ಏರಲ್ಲಿ ಬಲ ಸಿಗುತ್ತೆ. ಬಯಲಲ್ಲಿ ಓಟ ಒಂದಿಷ್ಟು ಕಡಿಮೆ ಆಗುತ್ತೆ, ಅದು ಮೊದಲೇ ಹೇಳಿರ್ತೀನಿ.”

“ಬ್ರೆಡ್ಡು ಹಾಕೋಳಿಗೆ ಓಟ ಯಾಕೆ,” ಅಂದಳು ಸೊಸೆ.

ಹೊಸ ಚಕ್ರಗಳು ಮತ್ತು ಅವಕ್ಕೆ ಹೊಂದುವ ಉದ್ದದ ಚೈನು ಬರಲು ಒಂದು ದಿನ ಬೇಕಿತ್ತು. ಅಷ್ಟರಲ್ಲಿ ಗಾಳಿಯಮ್ಮ ಹೊಸ ಫಿಲ್ಟರ್ ಹಾಕಿದರು. ಇದು ಕಾಗದದ್ದು, ನೀರಿನಲ್ಲಿ ತೊಳೆಯಬೇಡ; ಸ್ಪಂಜಿನದಾದರೆ ತೊಳೆಯಬಹುದು ಎಂದು ತಿಳಿಸಿದರು. ಮುಂದಿನ ಕಬ್ಬಿಣದ ಗಾರ್ಡಿಗೆ ನೇತುಹಾಕಿದ್ದ ಹಳೆಯ ತೂಕದ ಕಲ್ಲುಗಳ ಚೀಲ ಕಂಡು, ಇದೇಕೆ ಅಂದರು. ಸೊಸೆ ಸ್ವಲ್ಪ ಯೋಚಿಸಿ, ಗೊತ್ತಿಲ್ಲ, ಮೊದಲಿನಿಂದ ಇದೆ ಅಂದಳು. ಇಬ್ಬರೂ ನಕ್ಕರು. ಚೀಲ ಅಲ್ಲೇ ಇಳಿಯಿತು. ಆಸ್ಪತ್ರೆಗೆ ಹೋಗುವಾಗ ಬ್ರೆಡ್ಡಿನ ಪೆಟ್ಟಿಗೆಯನ್ನೂ ಇಳಿಸಿ ಹೋಗು ಅಂದರು.

ಮನೆಯಲ್ಲಿ ನಂಬಿಸುವುದು ಸುಲಭವಾಗಲಿಲ್ಲ. ಗಾಳಿ ತುಂಬುವ ಹೆಂಗಸಿಗೆ ಇಂಜಿನ್ ವಿಷಯ ಏನು ಗೊತ್ತು ಎಂದ ಮೈದುನ. ಗಂಡ ಹಿಟ್ಟಿನ ಕೈಯಲ್ಲೇ ಬಂದು ಹಳೆಯ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿದ. ಅದರಾಚೆ ಏನೂ ಕಾಣಲಿಲ್ಲ. ಅಂಗಳದ ಸಾಮಾನು ಸರಿಸಿ, ಬೈಕಿಗೆ ಅಲ್ಲಿನ ತಗಡಿನ ಚಾವಣಿಯ ಕೆಳಗೆ ಜಾಗ ಮಾಡಿದ. ಅತ್ತೆ ಮಾತ್ರ, ನನ್ನ ಒಂದು ಬೆರಳಿಗೆ ಇಷ್ಟೆಲ್ಲ ಯಾಕೆ ಎಂದು ಎರಡು ಸಲ ಅಂದರು. ಮೂರನೆಯ ಸಲ ಅನ್ನಲು ಸೊಸೆ ಬಿಡಲಿಲ್ಲ.

“ಅತ್ತೆ, ನನಗೆ ಮೊದಲ ಮಗು ಆದಾಗ ನಲವತ್ತು ದಿನ ನನ್ನನ್ನು ನೆಲಕ್ಕೆ ಕಾಲಿಡೋಕೆ ಬಿಟ್ಟಿದ್ರಾ ನೀವು? ಈಗ ನನ್ನ ಸರದಿ. ನಾಳೆ ಹೊರಡಿ.”

ಮಾರನೆಯ ಮಧ್ಯಾಹ್ನ ಚೈನು, ಚಕ್ರ ಹಾಕುವಷ್ಟು ಹೊತ್ತು ಅತ್ತೆ ಅಂಗಡಿಯಲ್ಲೇ ಕುಳಿತಿದ್ದರು. ಗಾಳಿಯಮ್ಮ ಯಾರೂ ಕೇಳದೆಯೇ ಇನ್ನೊಂದು ಸ್ಟೂಲ್ ತಂದು, ಅದರ ಮೇಲೆ ಒಗೆದ ಟವೆಲು ಹಾಸಿ, ಅವರ ಕಾಲನ್ನು ಮೆಲ್ಲಗೆ ಎತ್ತಿ ಇಟ್ಟಿದ್ದರು. ಕೈಗೆ ಹತ್ತಿದ ಗ್ರೀಸು ಪಟ್ಟಿಗೆ ತಾಗಬಾರದೆಂದು ಮೊಣಕೈಯಿಂದಲೇ ಎತ್ತಿದ್ದರು. ಮೈದುನನೂ ಬಂದಿದ್ದ, ತಪ್ಪು ಹುಡುಕಲೆಂದು. ಕೊನೆಗೆ ಚೈನಿನ ಇನ್ನೊಂದು ತುದಿ ಹಿಡಿದು ನಿಂತವನು ಅವನೇ.

ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಹೊರಟರು. ಮೊದಲ ತಿರುವು, ಎರಡನೆಯ ತಿರುವು ದಾಟಿದವು. ಬೈಕು ಎರಡನೆಯ ಗೇರಿನಲ್ಲೇ ಇತ್ತು. ಸದ್ದು ಹೆಚ್ಚಲಿಲ್ಲ, ನಡುಗಲಿಲ್ಲ. ಆತುರವಿಲ್ಲದೆ, ಮನೆಗೆ ಹೋಗುವ ಹಸುವಿನ ಹಾಗೆ ಹತ್ತುತ್ತ ಹೋಯಿತು. ಅತ್ತೆ ಇಳಿಯುತ್ತಿದ್ದ ಮೂರನೆಯ ತಿರುವೂ ದಾಟಿತು, ನಾಲ್ಕೂ ದಾಟಿತು. ಐದು ದಾಟಿತು. ಆಸ್ಪತ್ರೆಯ ಬಾಗಿಲವರೆಗೂ ಅತ್ತೆಯ ಕಾಲು ಮಣ್ಣು ಮುಟ್ಟಲಿಲ್ಲ.

ಎರಡು ವಾರ ಹೀಗೇ ನಡೆಯಿತು. ಕೊನೆಯ ದಿನ ನರ್ಸು ಪಟ್ಟಿ ಬಿಚ್ಚಿ, ದೀಪ ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದಳು. ಗಾಯದ ಸುತ್ತ ತೆಳು ಗುಲಾಬಿ ಚರ್ಮ ಕಟ್ಟಿತ್ತು. ಡಾಕ್ಟರನ್ನು ಕರೆದು ತೋರಿಸಿದಳು. ಅವರು ಬೆರಳನ್ನು ಒತ್ತಿ ನೋಡಿ, ಇದು ಉಳಿಯಿತು ಅಂದರು.

ಅತ್ತೆ ನರ್ಸಿನ ಕೈ ಹಿಡಿದುಕೊಂಡರು. “ತಾಯಿ, ಅವತ್ತು ನಾನು ಸುಳ್ಳು ಹೇಳಿದೆ. ಹಿತ್ತಲಲ್ಲಿ ಜಾರಿರಲಿಲ್ಲ. ಏರಲ್ಲಿ ಇಳಿದು ನಡೆದೇ ಬರ್ತಿದ್ದೆ. ಸೊಸೆಗೆ ಬೈತಾರೆ ಅಂತ ಹೇಳಲಿಲ್ಲ.”

“ಗೊತ್ತಿತ್ತು ಅಜ್ಜಿ,” ಅಂದಳು ನರ್ಸು. “ನಾನೂ ಅದೇ ಏರಲ್ಲಿ ನಡೆದು ಬರೋಳು. ಅಲ್ಲಿಯ ಮರಳಿನ ಬಣ್ಣ ನನಗೆ ಚೆನ್ನಾಗಿ ಗೊತ್ತು.”

ಆ ವಾರ ಮೈದುನ ತನ್ನ ಗಾಡಿಯ ಕೊಯ್ದ ಸೈಲೆನ್ಸರ್ ಬಿಚ್ಚಿಸಿ, ಕಂಪನಿಯ ಹೊಸದನ್ನು ಹಾಕಿಸಲು ಗಾಳಿಯಮ್ಮನ ಅಂಗಡಿಗೆ ಹೋದ. ಅವರು ಅವನನ್ನು ಹಂಗಿಸಲಿಲ್ಲ. ಕೂರಲು ಸ್ಟೂಲ್ ಕೊಟ್ಟರು.

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಚಿಕ್ಕ ಬೈಕು ಸೋತಿದ್ದರೆ ಅದನ್ನು ಬಯ್ಯಬೇಡಿ, ಕೊಯ್ಯಲೂ ಬೇಡಿ. ಮೊದಲು ಟೈರಿನ ಗಾಳಿ ನೋಡಿ; ಎಷ್ಟಿರಬೇಕೆಂದು ಗಾಡಿಯ ಮೇಲೋ ಅದರ ಪುಸ್ತಕದಲ್ಲೋ ಬರೆದಿರುತ್ತದೆ. ಏರ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಕಟ್ಟಿಕೊಂಡಿದ್ದರೆ ಬದಲಾಯಿಸಿ, ಅದಿಲ್ಲದೆ ಮಾತ್ರ ಓಡಿಸಬೇಡಿ. ಗಾಲಿ ತಿರುಗಿಸಿ ಬ್ರೇಕು ಹಿಡಿಯುತ್ತಿದೆಯೇ ಪರೀಕ್ಷಿಸಿ. ಚೈನಿಗೆ ಎಣ್ಣೆ ಕಾಣಿಸಿ, ಬೇಡದ ಭಾರ ಇಳಿಸಿ. ನೀವಿರುವುದು ಏರಿನ ಊರಾದರೆ ಹಲ್ಲುಚಕ್ರದ ಮಾತನ್ನು ತಿಳಿದ ಮೆಕ್ಯಾನಿಕ್ಕಿನ ಹತ್ತಿರ ಕೇಳಿ. ನಿಮ್ಮ ಗಾಡಿಗೆ ಹೊಂದುವುದನ್ನೇ ಹಾಕಿಸಿ.

ನಿಮಗೆ ಹೊರೆಯಾಗುತ್ತಿದ್ದೇನೆಂದು ಒಳಗೊಳಗೇ ನೊಂದುಕೊಂಡು, ನಿಮ್ಮ ಬೆನ್ನ ಹಿಂದೆ ಸುಮ್ಮನೆ ಕುಳಿತವರು ಒಬ್ಬರಿರಬಹುದು. ಅವರು ಬಾಯಿಬಿಟ್ಟು ಹೇಳುವುದಿಲ್ಲ. ಇವತ್ತೇ ಒಮ್ಮೆ ಗಾಳಿ ನೋಡಿಸಿ.